ಬಾನೆಟ್ಟಿನ ಬಲಗೀಲು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಮೊದಲ ದೂರು ದಪ್ಪ ಕಾಗದದ ಲಕೋಟೆಯಲ್ಲಿತ್ತು. ಊರಿನ ದೊಡ್ಡ ಕಾರ್ ಗ್ಯಾರೇಜಿನ ಮಾಲೀಕ ಅದನ್ನು ಟೈಪ್ ಮಾಡಿಸಿ, ಕೆಳಗೆ ರಬ್ಬರ್ ಮುದ್ರೆ ಒತ್ತಿಸಿ, ತನ್ನ ಡ್ರೈವರನ ಕೈಯಲ್ಲಿ ಕಳಿಸಿದ್ದ. ಇನ್‌ಸ್ಪೆಕ್ಟರಮ್ಮ ನಿಂತುಕೊಂಡೇ ಓದಿದರು.

ಶನಿವಾರ ಮಧ್ಯಾಹ್ನ ಗ್ಯಾರೇಜಿನ ಟಿಂಕರಿಂಗ್ ಕೆಲಸಗಾರನೊಬ್ಬ ಬ್ಯಾಟರಿ ಕಳಚಿದ ಮೇಲೆ ಕಾಯಬೇಕಾದಷ್ಟು ಕಾಯದೆ, ಅವಸರದಿಂದ ಬಾನೆಟ್ಟಿನ ಬಲಗಡೆಯ ಕೀಲು ಬಿಚ್ಚಲು ಹೋಗಿ, ಗಿರಾಕಿಯ ಹೊಸ ಕಾರಿಗೆ ಭಾರಿ ಹಾನಿ ಮಾಡಿದ್ದಾನೆ. ಅವನ ಮೇಲೆ ನಿರ್ಲಕ್ಷ್ಯದ ಕೇಸು ದಾಖಲಿಸಬೇಕು. ಬಾನೆಟ್ಟು, ಮುಂಗಾಜು, ಹೆಡ್‌ಲೈಟು ಎಲ್ಲದರ ಹಾನಿಯೂ ವಿವರವಾಗಿತ್ತು. ಕಡೆಯ ಸಾಲಿನಲ್ಲಿ, ಹೊರಟವರು ಹೊಸಿಲ ಮೇಲೆ ನೆನಪಾಗಿ ಹೇಳುವ ಮಾತಿನ ಹಾಗೆ, ‘ಸದರಿ ಕೆಲಸಗಾರನಿಗೂ ಪೆಟ್ಟಾಗಿರುತ್ತದೆ’ ಎಂದಿತ್ತು.

“ಏನು ಪೆಟ್ಟು?” ಇನ್‌ಸ್ಪೆಕ್ಟರ್ ಡ್ರೈವರನನ್ನು ಕೇಳಿದರು.

“ಒಂದು ಕಣ್ಣು ಹೋಗಿದೆ ಮೇಡಂ. ದವಡೆ ಮುರಿದಿದೆ.”

“ಹೆಡ್‌ಲೈಟಿನ ಗಾಜು ಬಿರುಕು ಬಿಟ್ಟಿದ್ದನ್ನೂ ಬರೆದಿದ್ದಾರೆ. ಕಣ್ಣು ಬರೆಯೋಕೆ ಜಾಗ ಸಾಲಲಿಲ್ವಾ?”

ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ.

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಒಬ್ಬ ಹೆಂಗಸು ಒಳಗೆ ಬಂದಳು. ಕೈಯಲ್ಲಿ ಆಸ್ಪತ್ರೆಯ ಚೀಟಿಗಳ ಪ್ಲಾಸ್ಟಿಕ್ ಚೀಲ. ಎರಡು ದಿನದಿಂದ ಕೂದಲು ಬಾಚಿರಲಿಲ್ಲ. ಕೂರಿ ಅಂದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಲಕೋಟೆಯ ಮೇಲಿನ ಮುದ್ರೆ ನೋಡಿ, “ಅವರು ಕಳಿಸಿದ್ದಾ? ಅದಕ್ಕೆ ನಂಬರ್ ಹಾಕಿದ್ರಾ?” ಅಂದಳು.

“ಇನ್ನೂ ಇಲ್ಲ.”

“ಹಂಗಾದ್ರೆ ನನ್ನದು ಮೊದಲು ಬರ್ಕೊಳ್ಳಿ. ಅವಸರ ಮಾಡಿದ ಅಂತ ಬರೆದಿದ್ದಾರಂತಲ್ಲ, ಗ್ಯಾರೇಜಲ್ಲೆಲ್ಲ ಅದೇ ಮಾತು, ಆ ಮನುಷ್ಯನ ಹೆಂಡತಿ ನಾನು. ಗ್ಯಾರೇಜಲ್ಲಿ ಅವರಿಗೆ ಏನಂತ ಹೆಸರಿಟ್ಟಿದ್ದಾರೆ ಕೇಳಿ. ನಿಧಾನಿ! ಊಟಕ್ಕೆ ಕೂತರೆ ಮಕ್ಕಳು ಎದ್ದು ಕೈ ತೊಳೆದಿರ್ತವೆ, ಇವರು ಇನ್ನೂ ಎರಡನೇ ತುತ್ತಲ್ಲಿರ್ತಾರೆ. ಅಂಥವರು ಅವಸರ ಮಾಡಿದ್ರಂತೆ. ಬಾಯಿಗೆ ತಂತಿ ಕಟ್ಟಿದ್ದಾರೆ, ಮಾತಾಡೋ ಹಾಗಿಲ್ಲ. ಅದನ್ನ ನೋಡ್ಕೊಂಡೇ ಬರೆದಿದ್ದಾರೆ, ದರಿದ್ರದವರು.”

“ನಿಮಗೇನಾಗಬೇಕು?”

“ಕಣ್ಣು ಹೋಯ್ತು, ಇನ್ನೊಂದಿದೆ. ಆದ್ರೆ ಈ ಕಾಗದ ನಿಜ ಅಂತಾದ್ರೆ ಯಾವ ಗ್ಯಾರೇಜಿನವನೂ ಅವರನ್ನ ಬಾಗಿಲೊಳಗೆ ಬಿಡಲ್ಲ. ಅವರಿಗೆ ಬೇರೆ ಕೆಲಸ ಬರಲ್ಲ ಮೇಡಂ. ತಪ್ಪು ಅವರದಲ್ಲ ಅಂತ ಬರೆದು ಕೊಡಿ. ಅಷ್ಟೇ.”

“ಗ್ಯಾರೇಜಲ್ಲಿ ನಿಮ್ಮ ಕಡೆ ಮಾತಾಡೋರು ಯಾರಾದ್ರೂ?”

“ನನ್ನ ತಮ್ಮನೇ ಅಲ್ಲಿ ಸೂಪರ್‌ವೈಸರ್. ಇವರೇ ಕರ್ಕೊಂಡು ಹೋಗಿ ಕೆಲಸ ಕಲಿಸಿದ್ದು. ಪಾಪ, ಶನಿವಾರದಿಂದ ಆಸ್ಪತ್ರೆಯಲ್ಲಿ ನನಗಿಂತ ಅವನೇ ಹೆಚ್ಚು ಕೂತಿದ್ದಾನೆ.”

ಅವಳ ಹೇಳಿಕೆಯ ಮೇಲೆ FIR ದಾಖಲಾಯಿತು. ಮಾಲೀಕನ ಲಕೋಟೆಯನ್ನು ಅದರ ಹಿಂದೆ ಪಿನ್ನು ಹಾಕಿದರು.

ಗ್ಯಾರೇಜಿಗೆ ಇನ್‌ಸ್ಪೆಕ್ಟರ್ ಜೊತೆ ಹೋದವರು ದಫೇದಾರರು. ನಿವೃತ್ತಿ ಹತ್ತಿರ ಬಂದ ಮನುಷ್ಯ, ಹೊಟ್ಟೆ ಮುಂದೆ, ಮಾತು ಹಿಂದೆ. ಇಬ್ಬರು ಪಂಚರನ್ನು ಪಕ್ಕದ ಟೈರ್ ಅಂಗಡಿಯಿಂದ ಕರೆತಂದು ಪಂಚನಾಮೆ ಶುರು ಮಾಡಿದರು.

ಕಾರು ಮೂಲೆಯಲ್ಲಿ ನಿಂತಿತ್ತು. ಬಾನೆಟ್ಟು ಓರೆಯಾಗಿ ಎದ್ದು, ಬಲಗಡೆಯ ಕೀಲು ಕಿತ್ತು, ಅದರ ಕಬ್ಬಿಣ ನಾಲಿಗೆಯ ಹಾಗೆ ಹೊರಗೆ ಚಾಚಿತ್ತು. ಬ್ಯಾಟರಿಯ ಒಂದು ತಂತಿ ಕಳಚಿದ್ದು, ಅದರ ತುದಿಗೆ ಅಚ್ಚುಕಟ್ಟಾಗಿ ಬಟ್ಟೆ ಸುತ್ತಿತ್ತು. ಸುತ್ತಲಿನ ನೆಲ ಮಾತ್ರ ಊಟದ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

“ನೆಲ ಯಾಕೆ ತೊಳೆದ್ರಿ?”

“ಗಿರಾಕಿಗಳು ಓಡಾಡ್ತಾರೆ ಮೇಡಂ,” ಅಂದ ಮಾಲೀಕ.

“ಕ್ಯಾಮೆರಾ?”

“ಅದು ಗಿರಾಕಿಗಳು ಕೂರೋ ಕೋಣೆಯಲ್ಲಿ ಮಾತ್ರ.”

“ಸೋಫಾ ಯಾರೂ ಹೊತ್ಕೊಂಡು ಹೋಗಬಾರದು ಅಂತ,” ದಫೇದಾರರು ಬರೆಯುತ್ತಲೇ ಗೊಣಗಿದರು. ಬರೆಯಲು ಮೇಜಿರಲಿಲ್ಲ. ಕಾರಿನ ಪಕ್ಕಕ್ಕೆ ಒರಗಿ, ಡ್ರೈವರ್ ಬಾಗಿಲಿನ ಗಾಜಿನ ಮೇಲೆ ಕಾಗದ ಒತ್ತಿಟ್ಟುಕೊಂಡು ಬರೆಯುತ್ತಿದ್ದರು.

ಸೂಪರ್‌ವೈಸರನನ್ನು ಕರೆಸಿದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ. ನಿದ್ದೆಯಿಲ್ಲದೆ ಕಣ್ಣು ಊದಿದ್ದವು.

“ನೀವು ಎಲ್ಲಿದ್ರಿ?”

“ಆಫೀಸಲ್ಲಿ.”

“ಈ ಕಾರಿನ ಕೀ?”

“ಅದೂ ಆಫೀಸಲ್ಲೇ, ಮೊಳೆಗೆ. ಕೆಲಸ ಶುರು ಮಾಡೋಕೆ ಮುಂಚೆ ಭಾವನೇ ತಂದು ಕೊಟ್ರು.”

“ಅವರು ಕಾಯಲಿಲ್ವಾ?”

“ಕಾಯಲಿಲ್ಲ ಅನ್ಸುತ್ತೆ ಮೇಡಂ.”

“ಅನ್ಸುತ್ತಾ? ನಿಮ್ಮ ಮಾಲೀಕರಿಗೆ ಗ್ಯಾರಂಟಿ ಇದೆ, ನಿಮಗೆ ಅನ್ಸುತ್ತೆ.”

ಅವನು ಗಡಿಯಾರ ನೋಡಿದ. ಆಸ್ಪತ್ರೆಗೆ ಹಾಲು ಒಯ್ಯುವ ಹೊತ್ತಾಯಿತು ಅಂತ ಕೇಳಿಕೊಂಡು ಹೋದ.

ಗ್ಯಾರೇಜಿನ ಗೇಟಿಗೆ ಎದುರಾಗಿ ಒಂದು ಟೀ ಅಂಗಡಿ. ನಡೆಸುವವಳು ಬಿಳಿಕೂದಲಿನ ಗಟ್ಟಿ ಹೆಂಗಸು. ನಿಧಾನಿಯ ಹೆಸರೆತ್ತಿದ ಕೂಡಲೆ ಸೌಟು ಕೆಳಗಿಟ್ಟಳು.

“ಕಾಯಲಿಲ್ಲ ಅಂದೋರ ಬಾಯಿಗೆ ಹುಳ ಬೀಳ! ಆ ಥರದ ಕಾರು ಬಂದ ದಿನವೆಲ್ಲ ಬ್ಯಾಟರಿ ತೆಗೆದು ಸೀದಾ ಇಲ್ಲಿಗೆ ಬರ್ತಿದ್ದ. ಸ್ಪ್ಯಾನರ್ ತಂದು ನನ್ನ ಸಕ್ಕರೆ ಡಬ್ಬದ ಪಕ್ಕ ಇಡೋನು. ‘ಕೈಯಲ್ಲಿ ಸ್ಪ್ಯಾನರ್ ಇದ್ರೆ ಕೈ ಸುಮ್ನಿರಲ್ಲ ಕಣವ್ವಾ, ನಿನ್ನ ಹತ್ರ ಇರ್ಲಿ’ ಅನ್ನೋನು. ಟೀ ಕುಡಿದು, ಪೇಪರ್ ಓದಿ, ನಾನು ‘ಎದ್ದು ಹೋಗಯ್ಯಾ, ಬೆಂಚು ಸವೀತು’ ಅಂದ ಮೇಲೇ ಸ್ಪ್ಯಾನರ್ ಕೇಳೋದು.”

“ಶನಿವಾರ?”

“ಶನಿವಾರ ಎರಡು ಟೀ ಕುಡಿದ. ಕೀಲು ಸೊಟ್ಟಗಾಗಿದೆ, ಜಾಸ್ತಿ ಹೊತ್ತು ಬಿಟ್ಟಷ್ಟೂ ಒಳ್ಳೇದು ಅಂದ.”

ಹೊರಗೆ ಬಂದ ಮೇಲೆ ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಬ್ಯಾಟರಿ ತೆಗೆದಿದ್ದ. ಕಾದಿದ್ದ. ಹಂಗಾದ್ರೆ ಸತ್ತ ಹಾವು ಹೆಂಗೆ ಕಚ್ಚಿತು ಮೇಡಂ?”

“ಹಾವಿನ ಬಗ್ಗೆ ತಿಳಿದೋರನ್ನೇ ಕೇಳೋಣ.”

ಮರುದಿನ ಬೆಳಿಗ್ಗೆ ಇಬ್ಬರೂ ಆ ಕಾರು ತಯಾರಿಸುವ ಕಂಪನಿಯ ತರಬೇತಿ ಶೆಡ್ಡಿಗೆ ಹೋದರು. ಅದೇ ಮಾದರಿಯ ಕಾರೊಂದು ಅಲ್ಲಿತ್ತು. ಕಂಪನಿಯ ಎಂಜಿನಿಯರ್ ನಡುವಯಸ್ಸಿನವನು, ಮೃದು ಮಾತಿನವನು. ಚಿತ್ರಪಟ ತೋರಿಸಲು ಹೊರಟವನನ್ನು ಇನ್‌ಸ್ಪೆಕ್ಟರ್ ತಡೆದರು.

“ಚಿತ್ರ ಬೇಡ. ಆ ಕೀಲನ್ನ ನನ್ನ ಕೈಯಲ್ಲಿ ಬಿಚ್ಚಿಸಿ.”

ಕನ್ನಡಕ, ಕೈಗವಸು ಕೊಟ್ಟು ಎಂಜಿನಿಯರ್ ಶುರು ಮಾಡಿದ. “ಹಳೇ ಕಾರಲ್ಲಿ ಬಾನೆಟ್ಟಿನ ಕೀಲು ಅಂದ್ರೆ ಬಾಗಿಲ ಕೀಲಿನ ಹಂಗೇ, ಬೋಲ್ಟು ಬಿಚ್ಚಿದ್ರೆ ಮುಗೀತು. ಇದರಲ್ಲಿ ಹಂಗಲ್ಲ. ಎರಡೂ ಕೀಲಿನ ಅಡಿಯಲ್ಲಿ ಬೆರಳು ಗಾತ್ರದ ಕೊಳವೆ ಇದೆ, ನೋಡಿ. ಅದರೊಳಗೆ ಮದ್ದು. ನಡೆದು ಹೋಗ್ತಿರೋರಿಗೆ ಕಾರು ಗುದ್ದಿದ್ರೆ ಮದ್ದು ಸಿಡಿದು ಬಾನೆಟ್ಟಿನ ಹಿಂಭಾಗವನ್ನ ಮೇಲಕ್ಕೆ ಎತ್ತುತ್ತೆ. ಗುದ್ದಿಸಿಕೊಂಡೋರ ತಲೆ ಕೆಳಗಿನ ಗಟ್ಟಿ ಎಂಜಿನ್ನಿಗೆ ಬಡಿಯಬಾರದು ಅಂತ.”

“ಜೀವ ಉಳಿಸೋಕೆ ಇಟ್ಟಿದ್ದು.”

“ಹೌದು ಮೇಡಂ. ಅದಕ್ಕೇ ಬಿಚ್ಚುವಾಗ ಅದಕ್ಕೆ ಕರೆಂಟು ಎಲ್ಲಿಂದಲೂ ಬರಬಾರದು.”

ಅವನು ಡ್ರೈವರ್ ಬಾಗಿಲು ತೆರೆದು, ಕಾರು ಆನ್ ಮಾಡಿ, ಗುಂಡಿಯೊತ್ತಿ ಗಾಜನ್ನು ಪೂರ್ತಿ ಕೆಳಗಿಳಿಸಿದ. ಆಮೇಲೆ ಕಾರು ಆರಿಸಿ, ಕೀಯನ್ನು ದೂರದ ಕೋಣೆಯಲ್ಲಿಟ್ಟು ಬಂದ. ಇನ್‌ಸ್ಪೆಕ್ಟರ್ ಬ್ಯಾಟರಿಯ ತಂತಿ ಕಳಚಿ, ತುದಿಗೆ ಬಟ್ಟೆ ಸುತ್ತಿದರು. ಕಾಯುತ್ತಾ ಕೂತರು. ಒಳಗೆ ಉಳಿದ ಕರೆಂಟು ಇಳಿಯಬೇಕಂತೆ. ಎಂಜಿನಿಯರ್ ಸರಿ ಅಂದ ಮೇಲೆ ದಫೇದಾರರು ಬಾನೆಟ್ಟಿನ ಭಾರ ಹೊತ್ತು ನಿಂತರು. ಕೊಳವೆಗೆ ಬರುವ ಹಳದಿ ಪ್ಲಗ್ಗನ್ನು ಇನ್‌ಸ್ಪೆಕ್ಟರ್ ಮೆಲ್ಲಗೆ ಎಳೆದರು.

“ಮುಖ ಪಕ್ಕಕ್ಕೆ. ಕೀಲಿನ ಮೇಲೆ ಬಗ್ಗಬಾರದು.”

“ಹಂಗಾದ್ರೆ ಪೆಟ್ಟು ತಿಂದೋನು ಬಗ್ಗಿದ್ನಾ?”

“ಕೀಲು ಸೊಟ್ಟಗಾಗಿದ್ರೆ ಪ್ಲಗ್ಗು ಸಿಕ್ಕಿಕೊಂಡಿರುತ್ತೆ. ಹತ್ತಿರದಿಂದ ನೋಡದೆ ವಿಧಿಯಿಲ್ಲ. ತೆಳು ಸ್ಕ್ರೂಡ್ರೈವರ್ ಹಾಕಿ ಬಿಡಿಸ್ತಾರೆ. ಕರೆಂಟು ಇಲ್ಲದಿದ್ರೆ ಏನೂ ಆಗಲ್ಲ. ಕರೆಂಟಿದ್ದು ಕಾರು ಆನ್ ಆಗಿದ್ರೆ, ಸ್ಕ್ರೂಡ್ರೈವರ್ ತಾಗಿದ್ರೂ ಸಾಕು, ಮದ್ದು ಸಿಡಿಯುತ್ತೆ.”

ಒಂದೊಂದೇ ಬೋಲ್ಟು ಬಿಚ್ಚಿ ಕೀಲು ಕೈಗೆ ಬಂತು. ದೊಡ್ಡ ಭಾರವೇನಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಮೇಜಿನ ಮೇಲಿಟ್ಟು ಕೈಗವಸು ತೆಗೆಯುತ್ತಾ ಕೇಳಿದರು, “ಶುರುವಿಗೆ ಗಾಜು ಯಾಕೆ ಇಳಿಸಿದ್ರಿ?”

“ಓ, ಅದು ಅಭ್ಯಾಸ. ಬ್ಯಾಟರಿ ತೆಗೆದ ಮೇಲೆ ಗಾಜು ಅಲ್ಲಾಡಲ್ಲ. ಅಕಸ್ಮಾತ್ ಬಾಗಿಲು ಲಾಕಾದ್ರೆ ಒಳಗೆ ಕೈ ಹಾಕೋಕೆ ಒಂದು ದಾರಿ ಬೇಕಲ್ಲ. ಈ ಕೆಲಸ ಮಾಡೋರೆಲ್ಲ ಇಳಿಸೇ ಇಳಿಸ್ತಾರೆ.”

ಇನ್‌ಸ್ಪೆಕ್ಟರ್ ನಿಧಾನಕ್ಕೆ ದಫೇದಾರರ ಕಡೆ ತಿರುಗಿದರು.

“ಮೇಲಿತ್ತು ಮೇಡಂ,” ಅಂದರು ದಫೇದಾರರು. ದನಿ ಸಣ್ಣದಾಗಿತ್ತು. “ನಾನು ಆ ಗಾಜಿನ ಮೇಲೇ ಕಾಗದ ಇಟ್ಟು ಬರೆದೆ.”

“ಬ್ಯಾಟರಿ ಕಳಚಿದ ಕಾರಿನ ಗಾಜು ಮೇಲೇರಬೇಕು ಅಂದ್ರೆ?” ಇನ್‌ಸ್ಪೆಕ್ಟರ್ ಎಂಜಿನಿಯರನನ್ನು ಕೇಳಿದರು.

“ಏರಲ್ಲ. ಬೇರೆ ಕಡೆಯಿಂದ ಕರೆಂಟು ಕೊಟ್ಟು, ಯಾರಾದ್ರೂ ಕೀ ತಂದು ಕಾರು ಆನ್ ಮಾಡಿದ್ರೆ ಮಾತ್ರ.” ಅವನು ಕಪಾಟಿನಿಂದ ಇಟ್ಟಿಗೆಯಷ್ಟು ಗಾತ್ರದ ಕಪ್ಪು ಪೆಟ್ಟಿಗೆ ತೆಗೆದ. “ಇದು ಸಣ್ಣ ಬ್ಯಾಟರಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ್ರೆ ದೊಡ್ಡ ಬ್ಯಾಟರಿ ತೆಗೆದರೂ ಕಾರಿನ ನೆನಪು ಹೋಗಲ್ಲ. ಸೀಟು ಎಷ್ಟು ಹಿಂದೆ, ಕನ್ನಡಿ ಎಷ್ಟು ಓರೆ, ರೇಡಿಯೋದಲ್ಲಿ ಯಾವ ಸ್ಟೇಷನ್ನು, ಎಲ್ಲ ಹಂಗೇ ಇರುತ್ತೆ. ಆದ್ರೆ ಕೀಲಿನ ಕೆಲಸಕ್ಕೆ ಇದನ್ನ ಹಾಕಲೇಬಾರದು.”

“ಕೆಳಗೆ ಚುಚ್ಚಿದ್ದು ಬಾನೆಟ್ ಹತ್ರ ನಿಂತೋನಿಗೆ ಕಾಣುತ್ತಾ?”

“ಕಾಣಲ್ಲ.”

ಜೀಪು ಹತ್ತಿದ ಮೇಲೆ ಇನ್‌ಸ್ಪೆಕ್ಟರ್ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದರೆಂದರೆ ದಫೇದಾರರು ಟೋಪಿ ಹಿಡಿದುಕೊಂಡರು. “ರೇಡಿಯೋ ಸ್ಟೇಷನ್ನು! ಒಬ್ಬನ ಕಣ್ಣು ರೇಡಿಯೋ ಸ್ಟೇಷನ್ನಿಗೆ!”

ಗ್ಯಾರೇಜಿನಲ್ಲಿ ಅಪಘಾತದ ಕಾರಿನ ಪಕ್ಕದ ಜಾಗ ಪೇಂಟರನದು. ಇನ್‌ಸ್ಪೆಕ್ಟರ್ ಅವನನ್ನು ಠಾಣೆಗೆ ಕರೆಸಿ ಎದುರಿಗೆ ಕೂರಿಸಿದರು. ಉಗುರು ಸಂದಿಯಲ್ಲಿ ಬೂದುಬಣ್ಣ ಮೆತ್ತಿದ ದೊಡ್ಡ ಕೈಗಳು, ಅವನ್ನೆಲ್ಲಿಡಬೇಕು ಅಂತ ಅವನಿಗೇ ತಿಳಿಯದು.

“ಗಾಜು ಯಾರು ಏರಿಸಿದ್ದು?”

“ಯಾವ ಗಾಜು ಮೇಡಂ?”

“ನನ್ನ ಹತ್ರ ಆಟ ಆಡಬೇಡ.”

ಪೇಂಟರ್ ಬಾಗಿಲ ಕಡೆ ನೋಡಿದ. ದಫೇದಾರರು ಅದಕ್ಕೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

“ನಾನೇ ಕೂಗಿದ್ದು,” ಅಂದ ಕೊನೆಗೆ. “ಪಕ್ಕದ ಗಾಡಿಗೆ ಪ್ರೈಮರ್ ಹೊಡೀಬೇಕಿತ್ತು. ಇದರ ಗಾಜು ಕೆಳಗಿದೆ, ಧೂಳೆಲ್ಲ ಸೀಟಿಗೆ ಹೋಗುತ್ತೆ, ಪ್ಲಾಸ್ಟಿಕ್ ಹಾಳೆ ಆದ್ರೂ ಮುಚ್ಚ್ರೋ ಅಂತ ಕೂಗಿದೆ. ನಿಧಾನಿ ಅಣ್ಣ ಕೀಲಿನ ಹತ್ರ ಬಗ್ಗಿದ್ದ, ಕೇಳಿಸಲಿಲ್ಲ. ಸೂಪರ್‌ವೈಸರ್ ಆಫೀಸಿಂದ ಕೀ ಹಿಡ್ಕೊಂಡು ಬಂದ. ಗಾಜು ಮೇಲೆ ಬಂತು. ಹಿಂದೆಯೇ ಡಬ್ ಅಂತು.”

“ಬ್ಯಾಟರಿ ಕಳಚಿದೆ ಅಂತ ಅವನಿಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಪೆಟ್ಟಿಗೆ ಹಾಕಿದ್ದೂ ಅವನೇ ಅಲ್ವಾ. ಗಾಜು ಕೆಳಗಿದ್ದ ಗಾಡಿ ಕಂಡ್ರೆ ಅವನ ಕೈ ತಡೆಯಲ್ಲ ಮೇಡಂ. ಒಳಗೆ ಒಂದು ಚುಕ್ಕೆ ಬಣ್ಣ ಬಿದ್ರೂ ಮಾಲೀಕರು ಬೈಯೋದು ಅವನಿಗೆ. ಏರಿಸಿಬಿಟ್ಟ.”

“ಆಮೇಲೆ?”

“ನಾನು ಓಡಿ ಹೋಗಿ ಅಣ್ಣನ ಮುಖಕ್ಕೆ ಬಟ್ಟೆ ಒತ್ತಿ ಹಿಡಿದೆ. ಆ್ಯಂಬುಲೆನ್ಸಿಗೆ ಫೋನ್ ಮಾಡೋ ಅಂತ ಇವನಿಗೆ ಕೂಗ್ತಾನೇ ಇದ್ದೆ. ಇವನು ಕಾರೊಳಗೆ ತಲೆ ತೂರಿಸಿದ್ದ. ಎರಡು ಕಾಲು ಮಾತ್ರ ಹೊರಗೆ ಕಾಣ್ತಿದ್ವು.”

“ಏನು ಮಾಡ್ತಿದ್ದ?”

“ಸ್ಟೀರಿಂಗ್ ಕೆಳಗಿಂದ ಪೆಟ್ಟಿಗೆ ಕೀಳ್ತಿದ್ದ. ಟವೆಲಲ್ಲಿ ಸುತ್ತಿ ಒಳಗೆ ಇಟ್ಟು ಬಂದು, ಆಮೇಲೆ ಫೋನ್ ಮಾಡಿದ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ನೀನು ಮೂರು ದಿನ ಯಾಕೆ ಸುಮ್ಮನಿದ್ದೆ?”

“ಸಾಯಂಕಾಲ ಮಾಲೀಕರು ಎಲ್ಲರನ್ನೂ ನಿಲ್ಲಿಸಿ ಹೇಳಿದ್ರು. ಅವನು ಕಾಯಲಿಲ್ಲ, ಎಲ್ಲರೂ ನೋಡಿದ್ದೀರಿ, ಅಂತ. ನನಗೂ ಮನೆ ಇದೆ ಮೇಡಂ.”

“ಅವನಿಗೂ ಇತ್ತು!” ಇನ್‌ಸ್ಪೆಕ್ಟರ್ ಮೇಜು ಗುದ್ದಿದ ಸದ್ದಿಗೆ ಹೊರಗಿದ್ದ ಕಾನ್‌ಸ್ಟೇಬಲ್ ಇಣುಕಿ ನೋಡಿದ. ಪೇಂಟರ್ ಅಳತೊಡಗಿದ. ಅಳು ಮುಗಿಯುವವರೆಗೆ ಬಿಟ್ಟು ಹೇಳಿಕೆಗೆ ಸಹಿ ಹಾಕಿಸಿಕೊಂಡರು.

ಆಸ್ಪತ್ರೆಯ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ನಿಧಾನಿ ಮಲಗಿದ್ದ. ಅರ್ಧ ಮುಖ ಬ್ಯಾಂಡೇಜು. ಸೂಪರ್‌ವೈಸರ್ ಪಕ್ಕದ ಸ್ಟೂಲಿನಲ್ಲಿ ಕೂತು, ಲೋಟದಲ್ಲಿದ್ದ ಹಾಲನ್ನು ನಳಿಕೆಯಿಂದ ಭಾವನ ತುಟಿಯ ಮೂಲೆಗೆ ಹನಿ ಹನಿಯಾಗಿ ಬಿಡುತ್ತಿದ್ದ. ಒಂದು ಹನಿಯೂ ದಿಂಬಿಗೆ ಬೀಳದ ಹಾಗೆ. ಅಕ್ಕ ಕಾಲ ಬಳಿ ಬಟ್ಟೆ ಮಡಚುತ್ತಿದ್ದಳು.

ಇನ್‌ಸ್ಪೆಕ್ಟರ್ ಮೊದಲು ಗಾಯಾಳುವಿನ ಹತ್ತಿರ ಹೋದರು. “ಮಾತಾಡಬೇಡಿ. ಹೌದಾದ್ರೆ ಬೆರಳೆತ್ತಿ. ಕೆಲಸ ಶುರು ಮಾಡೋ ಮುಂಚೆ ಗಾಜು ಇಳಿಸಿದ್ರಾ?”

ಬೆರಳು ಎದ್ದಿತು.

“ಸ್ಟೀರಿಂಗ್ ಕೆಳಗೆ ಪೆಟ್ಟಿಗೆ ಇದ್ದದ್ದು ಗೊತ್ತಿತ್ತಾ?”

ಬೆರಳು ಏಳಲಿಲ್ಲ. ಉಳಿದಿದ್ದ ಒಂದು ಕಣ್ಣು ಇನ್‌ಸ್ಪೆಕ್ಟರ್ ಮುಖದಿಂದ ಸರಿದು, ಹಾಲಿನ ಲೋಟ ಹಿಡಿದವನ ಮೇಲೆ ಹೋಗಿ ನಿಂತಿತು. ಅದನ್ನು ಕಂಡು ಅಕ್ಕನಿಗೆ ಅರ್ಥವಾಯಿತು. ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

“ಹೊರಗೆ ಬನ್ನಿ,” ಅಂದರು ಇನ್‌ಸ್ಪೆಕ್ಟರ್ ಸೂಪರ್‌ವೈಸರನಿಗೆ.

ಕಾರಿಡಾರಿನಲ್ಲಿ ಅವನು ಗೋಡೆಗೊರಗಿ ನಿಂತ. ಲೋಟ ಇನ್ನೂ ಕೈಯಲ್ಲೇ ಇತ್ತು. ಅಕ್ಕ ಹಿಂದೆಯೇ ಬಂದಳು.

“ಪೆಟ್ಟಿಗೆ ಎಲ್ಲಿದೆ?”

ಅವನು ಲೋಟವನ್ನು ಇನ್ನೊಂದು ಕೈಗೆ ಬದಲಿಸಿದ.

“ಗ್ಯಾರೇಜೆಲ್ಲ ಜಾಲಾಡಿಸಲಾ?”

“ಅಲ್ಲಿಲ್ಲ. ಅಕ್ಕನ ಮನೇಲಿದೆ. ಅಟ್ಟದ ಮೇಲೆ, ಹಾಸಿಗೆ ಗಂಟಿನ ಹಿಂದೆ. ಭಾವನ ಬಟ್ಟೆ ತರೋಕೆ ಹೋದಾಗ ಇಟ್ಟೆ.”

“ಯಾಕೆ ಅಲ್ಲಿ?”

“ಪೆಟ್ಟು ತಿಂದೋರ ಮನೇನ ಯಾರು ಹುಡುಕ್ತಾರೆ.”

ಅಕ್ಕ ಮುಂದೆ ಬಂದಳು. ಹೊಡೆಯುತ್ತಾಳೆ ಅಂತ ದಫೇದಾರರು ಒಂದು ಕೈ ಅಡ್ಡ ಮಾಡಿದರು. ಅವಳು ಹೊಡೆಯಲಿಲ್ಲ.

“ಲೋ. ಅಮ್ಮ ಹೋದಾಗಿಂದ ನಿನ್ನ ಸೊಂಟದ ಮೇಲೆ ಹೊತ್ತಿದೀನಿ. ನಿಜ ಹೇಳು. ಡಬ್ ಅಂದಾಗ ಮೊದಲು ಅವರ ಹತ್ರ ಹೋದೆಯಾ, ಪೆಟ್ಟಿಗೆ ಹತ್ರ ಹೋದೆಯಾ?”

“ಅಕ್ಕಾ...”

“ಅಕ್ಕ ಅನ್ನಬೇಡ. ಕೇಳಿದ್ದಕ್ಕೆ ಹೇಳು.”

“ಪೆಟ್ಟಿಗೆ ಹತ್ರ.”

“ನನ್ನ ಮನೇಲಿ ಅದನ್ನ ಬಚ್ಚಿಟ್ಟು, ನನ್ನ ಗಂಡನಿಗೆ ಹಾಲು ಕುಡಿಸೋಕೆ ಬಂದೆ. ನಾನು ನಿನ್ನ ತಲೆ ಸವರಿ, ‘ನೀನೂ ಒಂದಿಷ್ಟು ಮಲಕ್ಕೊಳೋ’ ಅಂದೆ. ಥೂ!” ಅವಳು ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಹಾಲು ಅವಳ ಸೆರಗಿಗೆ ಚೆಲ್ಲಿತು. “ಮೇಡಂ, ಇವನನ್ನ ಕರ್ಕೊಂಡು ಹೋಗಿ. ಅವರಿಗೆ ಇನ್ನೂ ಹೊಟ್ಟೆ ತುಂಬಿಲ್ಲ.”

ವಾರ್ಡಿನ ಬಾಗಿಲು ಅವಳ ಹಿಂದೆ ಎರಡು ಸಲ ಓಲಾಡಿ ನಿಂತಿತು. ದಸ್ತಗಿರಿಯ ಕಾಗದಕ್ಕೆ ಸೂಪರ್‌ವೈಸರ್ ಅಲ್ಲೇ, ಕಾರಿಡಾರಿನ ಕಿಟಕಿಕಟ್ಟೆಯ ಮೇಲೆ ಸಹಿ ಹಾಕಿದ.

ಸಾಯಂಕಾಲ ಪಂಚರ ಎದುರು ಅಟ್ಟದಿಂದ ಪೆಟ್ಟಿಗೆ ಇಳಿಸಿ ಜಪ್ತಿ ಮಾಡಿದರು. ಅಲ್ಲಿಂದ ಗ್ಯಾರೇಜಿಗೆ. ಮಾಲೀಕ ಗಿರಾಕಿಗಳ ಸೋಫಾದಲ್ಲಿ ಕೂತಿದ್ದ.

“ಪೆಟ್ಟಿಗೆ ಹಾಕು ಅಂತ ನಾನು ಯಾವತ್ತೂ ಹೇಳಿಲ್ಲ ಮೇಡಂ,” ಅಂದ, ಏಳದೆಯೇ.

“ಕಾರಿನ ನೆನಪು ಹೋದ್ರೆ ಕೆಲಸದಿಂದ ನೀನೂ ಹೋಗ್ತೀಯ ಅಂತ ಸೂಪರ್‌ವೈಸರನಿಗೆ ಹೇಳಿದ್ದು? ಜೀಪಲ್ಲಿ ಅವನೇ ಬಾಯಿಬಿಟ್ಟ.”

“ಅದು ಮಾತಿಗೆ ಹೇಳಿದ್ದು.”

“ಎಲ್ಲರನ್ನೂ ನಿಲ್ಲಿಸಿ, ನಿಧಾನಿ ಕಾಯಲಿಲ್ಲ ಅಂತ ಪಾಠ ಹೇಳಿಕೊಟ್ಟಿದ್ದು? ನೆಲ ತೊಳೆಸಿದ್ದು? ನನ್ನ ಠಾಣೆಗೆ ಸುಳ್ಳು ದೂರು ಕಳಿಸಿದ್ದು? ಎಲ್ಲ ಮಾತಿಗೇನಾ? ಏಳ್ರಿ ಮೇಲೆ.”

ಅವನು ಎದ್ದ. ಸಾಕ್ಷ್ಯನಾಶ ಮತ್ತು ಸುಳ್ಳು ದೂರಿಗಾಗಿ ಎರಡನೇ ಆರೋಪಿಯಾಗಿ ಜೀಪು ಹತ್ತಿದ. ಲಾಯರಿಗೆ ಫೋನ್ ಮಾಡಬೇಕು ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದ. ಕಾಯಿರಿ, ಅಂದರು ದಫೇದಾರರು.

ಅವನ ದೂರಿನ ಮೇಲೆ ಇನ್‌ಸ್ಪೆಕ್ಟರ್ ತಾವೇ ಷರಾ ಬರೆದರು: ‘ಟಿಂಕರಿಂಗ್ ಕೆಲಸಗಾರ ಎಲ್ಲ ಎಚ್ಚರಿಕೆಗಳನ್ನೂ ಪಾಲಿಸಿದ್ದು, ಅವರಿಂದ ಯಾವ ತಪ್ಪೂ ಆಗಿರುವುದಿಲ್ಲ. ದೂರು ಸುಳ್ಳು.’ ಅದರ ನಕಲನ್ನು ಮುದ್ರೆಯೊತ್ತಿ ಕಾನ್‌ಸ್ಟೇಬಲ್ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದರು.

ಆಮೇಲೆ ಸೂಪರ್‌ವೈಸರನ ಹೇಳಿಕೆ ಬರೆದುಕೊಳ್ಳಲು ಕೂತರು. ಅವನೇನೂ ಮುಚ್ಚಿಡಲಿಲ್ಲ. ಹಿಂದೊಮ್ಮೆ ಇಂಥದೇ ಕಾರಿನ ಸೀಟಿನ ನೆನಪು ಹೋಗಿ ಗಿರಾಕಿ ಕೂಗಾಡಿದ್ದ. ಆ ದಿನ ಬ್ಯಾಟರಿ ತೆಗೆದವನು ಭಾವ, ತೆಗೆಯಲೇಬೇಕಿತ್ತು. ಆದರೆ ಮಾಲೀಕ ಕರೆದದ್ದು ಸೂಪರ್‌ವೈಸರನನ್ನು. ಎಲ್ಲ ಕೆಲಸಗಾರರ ಮುಂದೆ ಅವನನ್ನು ಆ ಗಿರಾಕಿಯ ಸೀಟಿನಲ್ಲಿ ಕೂರಿಸಿ, ಗಿರಾಕಿ ಹೊರಗೆ ನಿಂತು ಇನ್ನೂ ಹಿಂದೆ, ಸ್ವಲ್ಪ ಮುಂದೆ ಅನ್ನುತ್ತಿದ್ದ ಹಾಗೆಲ್ಲ ಸೀಟು ಸರಿಸಲು ಹಚ್ಚಿದ್ದ. ಕೆಲಸಗಾರರು ನಕ್ಕಿದ್ದರು. ಭಾವ ಮಾತ್ರ ನಕ್ಕಿರಲಿಲ್ಲ, ಮುಖ ತಿರುಗಿಸಿಕೊಂಡಿದ್ದ. ಆ ವಾರವೇ ಇವನು ಪೆಟ್ಟಿಗೆ ತಂದ. ಹೇಳಿದರೆ ಭಾವ ಒಪ್ಪುವುದಿಲ್ಲವೆಂದು ಹೇಳದೆ ಚುಚ್ಚಿದ.

“ಡಬ್ ಅಂದಾಗ ಭಾವ ಕಿರುಚಿದ್ದು ಕೇಳಿಸ್ತು ಮೇಡಂ. ಆದ್ರೆ ನನ್ನ ಕಣ್ಣ ಮುಂದೆ ಬಂದಿದ್ದು ಆ ಸೀಟು. ಮತ್ತೆ ಕೂರಿಸ್ತಾರೆ ಅಂತ.”

ದಫೇದಾರರು ಅದನ್ನು ಅವನಾಡಿದಂತೆಯೇ ಬರೆದು ಓದಿ ಹೇಳಿದರು. ಇನ್‌ಸ್ಪೆಕ್ಟರ್ ಸಹಿಗೆ ಜಾಗ ತೋರಿಸಿದರು. ಅವನು ಪೆನ್ನು ಹಿಡಿದು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ, ಸಹಿ ಹಾಕಲಿಲ್ಲ.

“ಒಂದು ತಿದ್ದಬೇಕಿತ್ತು ಮೇಡಂ. ಎಲ್ಲ ಕಡೆ ಭಾವ ಅಂತ ಬರೆದಿದ್ದಾರೆ. ಅದನ್ನ ಹೊಡೆದು ಗಾಯಾಳು ಅಂತ ಮಾಡ್ತೀರಾ? ಓದೋಕೆ ಆಗ್ತಿಲ್ಲ.”

“ಆಗದೇ ಇದ್ರೂ ಓದು,” ಅಂದರು ಇನ್‌ಸ್ಪೆಕ್ಟರ್. “ಭಾವ ಅಂತಲೇ ಇರುತ್ತೆ. ಸಹಿ ಹಾಕು.”

ಅವನು ಹಾಕಿದ.